ಪಕ್ಕದ ಸೈಟು ನಿಜಕ್ಕೂ ಎಷ್ಟಕ್ಕೆ ಹೋಯಿತು? ನೋಂದಾಯಿತ ಮಾರಾಟ ಬೆಲೆ ಹುಡುಕುವ ಸಮಗ್ರ ಮಾರ್ಗದರ್ಶಿ

"ಹೋದ ತಿಂಗಳಷ್ಟೇ ಇದೇ ರಸ್ತೆಯಲ್ಲಿ ಅಡಿಗೆ ಏಳು ಸಾವಿರದ ಹಾಗೆ ಹೋಯ್ತು ಸಾರ್" ಎಂದು ಬ್ರೋಕರ್ ಹೇಳಿದರೆ ಕೊಳ್ಳುವವರು ತಲೆಯಾಡಿಸುತ್ತಾರೆ. ಮನೆ-ಸೈಟು ಮಾರಾಟದ ಜಾಲತಾಣಗಳಲ್ಲಿ ಕಾಣುವುದು ಮಾರುವವರು ಕೇಳುತ್ತಿರುವ ಬೆಲೆ. ವ್ಯಾಪಾರ ಕುದುರಿದ ಬೆಲೆಯಲ್ಲ. ಕುದುರಿದ ಬೆಲೆ ಬರೆದಿರುವ ಜಾಗ ಒಂದೇ, ಸಬ್ ರಿಜಿಸ್ಟ್ರಾರ್ ಕಚೇರಿಯ ಪುಸ್ತಕ. ಆ ಪುಸ್ತಕ ನೋಡಲು ನೀವು ಆ ಆಸ್ತಿಯ ಮಾಲೀಕರಾಗಿರಬೇಕಿಲ್ಲ, ನೆಂಟರಾಗಿರಬೇಕಿಲ್ಲ, ವಕೀಲರೂ ಆಗಿರಬೇಕಿಲ್ಲ. ಆದರೆ ಅಲ್ಲಿ ಬರೆದ ಅಂಕಿಯನ್ನು ಹಾಗೆಯೇ ನಂಬುವಂತೆಯೂ ಇಲ್ಲ. ಅಂಕಿ ತೆಗೆಯುವುದು ಅರ್ಧ ಕೆಲಸ, ಅದನ್ನು ಜರಡಿ ಹಿಡಿಯುವುದು ಉಳಿದರ್ಧ. ಕರ್ನಾಟಕದಲ್ಲಿ ಈ ಎರಡನ್ನೂ ಮಾಡುವ ಬಗೆ ಇಲ್ಲಿದೆ.

ನೋಡುವ ಹಕ್ಕು ಎಲ್ಲಿಂದ ಬಂತು

1908ರ ನೋಂದಣಿ ಕಾಯ್ದೆಯ 51ನೇ ಕಲಂ ಪ್ರಕಾರ ನೋಂದಣಿ ಕಚೇರಿಯಲ್ಲಿ ಬೇರೆ ಬೇರೆ ಪುಸ್ತಕಗಳಿರುತ್ತವೆ. ಸ್ಥಿರಾಸ್ತಿಯ ಕ್ರಯ, ದಾನ, ವಿಭಾಗ, ಅಡಮಾನಗಳು 1ನೇ ಪುಸ್ತಕಕ್ಕೆ ಹೋಗುತ್ತವೆ. ವಿಲ್ 3ನೇ ಪುಸ್ತಕಕ್ಕೆ, ಜಿಪಿಎಯಂಥ (ಇನ್ನೊಬ್ಬರ ಪರವಾಗಿ ವ್ಯವಹರಿಸಲು ಕೊಡುವ ಅಧಿಕಾರ ಪತ್ರ) ಇತರ ಪತ್ರಗಳು 4ನೇ ಪುಸ್ತಕಕ್ಕೆ. 57ನೇ ಕಲಂ ಹೇಳುವುದು ಇಷ್ಟೆ: 1ನೇ ಪುಸ್ತಕ ಮತ್ತು ಅದರ ಸೂಚಿಗಳನ್ನು ಶುಲ್ಕ ಕಟ್ಟಿದ ಯಾರು ಬೇಕಾದರೂ ನೋಡಬಹುದು, ಅದರ ನಕಲನ್ನೂ ಪಡೆಯಬಹುದು. 3 ಮತ್ತು 4ನೇ ಪುಸ್ತಕಗಳಿಗೆ ಈ ಸವಲತ್ತಿಲ್ಲ. ಹಾಗಾಗಿ ಜಿಪಿಎ ಬರೆಸಿಕೊಂಡು ಕೈಬದಲಾದ ಸೈಟಿನ ಬೆಲೆ ನೀವು ಎಷ್ಟು ಹುಡುಕಿದರೂ ಸಿಗುವುದಿಲ್ಲ. ಕೌಂಟರಿನಲ್ಲಿ "ನಿಮಗ್ಯಾಕ್ರೀ ಅವರ ಆಸ್ತಿ ವಿಚಾರ?" ಎಂದು ಕೇಳಿದರೆ 57ನೇ ಕಲಂ ಹೆಸರು ಹೇಳಿದರೆ ಸಾಕು, ಕಾರಣ ಕೊಡಬೇಕೆಂದು ಕಾಯ್ದೆ ಎಲ್ಲೂ ಹೇಳಿಲ್ಲ.

ಈ ಪುಸ್ತಕವನ್ನು ಸಾಮಾನ್ಯರು ನೋಡುವ ಕಿಂಡಿಯೇ ಋಣಭಾರ ಪ್ರಮಾಣಪತ್ರ, ಎಲ್ಲರ ಬಾಯಲ್ಲಿ ಇಸಿ. ಸಾಲಕ್ಕೆ ಹೋದಾಗ ಬ್ಯಾಂಕಿನವರು ಕೇಳುವ ಕಾಗದ ಎಂದಷ್ಟೇ ಬಹುತೇಕರಿಗೆ ಅದರ ಪರಿಚಯ. ಆದರೆ ಇಸಿಯ ಪ್ರತಿ ಸಾಲಿನಲ್ಲೂ ಯಾವ ಪತ್ರ, ಯಾವ ದಿನ, ಯಾರಿಂದ ಯಾರಿಗೆ ಎಂಬುದರ ಜೊತೆಗೆ ಎಷ್ಟು ಹಣಕ್ಕೆ ಎಂಬುದೂ ಇರುತ್ತದೆ.

ಮೊದಲು ಆಸ್ತಿಯ ಸರಿಯಾದ ಗುರುತು ಹಿಡಿಯಿರಿ

ಬಹಳಷ್ಟು ಹುಡುಕಾಟ ಕೆಡುವುದು ಇಲ್ಲೇ ಎನ್ನಬಹುದು. ನೋಂದಣಿ ಇಲಾಖೆಗೆ ಗೊತ್ತಿರುವುದು ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು. ಬಡಾವಣೆಯ ಜಾಹೀರಾತಿನ ಹೆಸರು ಅದಕ್ಕೆ ಗೊತ್ತಿಲ್ಲ. ವೈಟ್‌ಫೀಲ್ಡ್ ಎಂದು ಮಾರುವ ಫ್ಲ್ಯಾಟು ದಾಖಲೆಯಲ್ಲಿ ಕೆ.ಆರ್. ಪುರ ಹೋಬಳಿಯ ನಲ್ಲೂರಹಳ್ಳಿಯಲ್ಲೋ ಪಟ್ಟಂದೂರು ಅಗ್ರಹಾರದಲ್ಲೋ ಇರುತ್ತದೆ. ಎಲೆಕ್ಟ್ರಾನಿಕ್ ಸಿಟಿ ಎಂದು ಹೇಳುವ ಮನೆ ಬೇಗೂರು ಹೋಬಳಿಯ ದೊಡ್ಡತೋಗೂರಿನದ್ದಾಗಿರಬಹುದು.

ಗುರುತು ಸಿಗುವ ದಾರಿಗಳು ಹೀಗಿವೆ. ಖಾಲಿ ಜಾಗ ಅಥವಾ ಜಮೀನಾದರೆ ಸ್ಥಳದಲ್ಲೇ ನಿಂತು ಸರ್ಕಾರದ ದಿಶಾಂಕ್ ಆ್ಯಪ್ ತೆರೆಯಿರಿ. ನೀವು ನಿಂತ ಜಾಗದ ಗ್ರಾಮ ಮತ್ತು ಸರ್ವೆ ನಂಬರನ್ನು ಅದು ತೋರಿಸುತ್ತದೆ. ಗಡಿಯಂಚಿನಲ್ಲಿ ಜಿಪಿಎಸ್ ಕೆಲವು ಮೀಟರು ಆಚೀಚೆ ತೋರಿಸುತ್ತದೆ, ಆದ್ದರಿಂದ ಜಾಗದ ನಡುವೆ ನಿಂತು ನೋಡಿ. ಅಪಾರ್ಟ್‌ಮೆಂಟ್ ಆದರೆ ಕರ್ನಾಟಕ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಜಾಲತಾಣದಲ್ಲಿ ಆ ಪ್ರಾಜೆಕ್ಟಿನ ಪುಟ ತೆರೆದರೆ ಸರ್ವೆ ನಂಬರುಗಳು, ಗ್ರಾಮ, ನಕ್ಷೆ ಎಲ್ಲ ಸಿಗುತ್ತವೆ. ನಗರದ ಹಳೆಯ ಮನೆಗೆ ಖಾತಾ ಸಂಖ್ಯೆ ಅಥವಾ ಪಿಐಡಿ (ಪಾಲಿಕೆ ಕೊಟ್ಟ ಆಸ್ತಿ ಗುರುತಿನ ಸಂಖ್ಯೆ) ಬೇಕು. ಪಂಚಾಯಿತಿ ವ್ಯಾಪ್ತಿಯ ನಿವೇಶನಕ್ಕೆ ಇ-ಸ್ವತ್ತಿನ ನಮೂನೆ 9 ಅಥವಾ 11ರಲ್ಲಿರುವ ಸ್ವತ್ತಿನ ಸಂಖ್ಯೆ.

ಒಂದು ಆಸ್ತಿಗೆ ಒಂದಕ್ಕಿಂತ ಹೆಚ್ಚು ಗುರುತುಗಳಿರುವುದು ಮಾಮೂಲು. 2008ರಲ್ಲಿ "ಸರ್ವೆ ನಂ. 45/2ರ ಪೈಕಿ ಸೈಟ್ ನಂ. 17" ಎಂದು ನೋಂದಣಿಯಾದದ್ದು 2016ರಲ್ಲಿ ಬರೀ ಖಾತಾ ನಂಬರಿನಲ್ಲಿ, 2025ರಲ್ಲಿ ಇ-ಖಾತಾ ಸಂಖ್ಯೆಯಲ್ಲಿ ನೋಂದಣಿಯಾಗಿರಬಹುದು. ಗೊತ್ತಿರುವ ಎಲ್ಲ ಗುರುತುಗಳನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು ಮುಂದಿನ ಹೆಜ್ಜೆಗೆ ಹೋಗಿ.

ಮಾರ್ಗಸೂಚಿ ದರ ಬರೆದಿಟ್ಟುಕೊಳ್ಳಿ

ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಲಾಗಿನ್ ಕೂಡ ಇಲ್ಲದೆ ನೋಡಬಹುದಾದ ಅಂಕಿ ಇದು. ಮುದ್ರಾಂಕ ಶುಲ್ಕದ ಲೆಕ್ಕಕ್ಕೆ ಸರ್ಕಾರ ಗೊತ್ತುಮಾಡಿದ ಈ ದರವನ್ನೇ ಎಲ್ಲರೂ ಗೈಡೆನ್ಸ್ ವ್ಯಾಲ್ಯೂ ಎನ್ನುವುದು. ನಿವೇಶನ ಮತ್ತು ಫ್ಲ್ಯಾಟುಗಳಿಗೆ ಚದರ ಮೀಟರಿನ ಲೆಕ್ಕ, ಜಮೀನಿಗೆ ಎಕರೆ ಲೆಕ್ಕ. ಚದರ ಅಡಿಗೆ ತರಲು 10.764ರಿಂದ ಭಾಗಿಸಿ. ದರಗಳು 2023ರ ಅಕ್ಟೋಬರ್ 1ರಂದು ರಾಜ್ಯದಾದ್ಯಂತ ಏರಿದವು, ಆದ್ದರಿಂದ ಅದಕ್ಕಿಂತ ಹಿಂದಿನ ವ್ಯಾಪಾರವನ್ನು ತೂಗುವಾಗ ಆಗಿನ ಅಧಿಸೂಚನೆಯ ದರವೇ ಬೇಕು. ಈ ಅಂಕಿ ಮಾರಾಟ ಬೆಲೆಯಲ್ಲ. ಸುಳ್ಳು ಬೆಲೆಯನ್ನು ಪತ್ತೆಹಚ್ಚಲು ಇದು ಬೇಕು.

ಇಸಿ ತೆಗೆಸುವುದು

ಕಾವೇರಿ 2.0ರಲ್ಲಿ ಮೊಬೈಲ್ ಸಂಖ್ಯೆ ಮತ್ತು ಓಟಿಪಿ ಕೊಟ್ಟು ಖಾತೆ ತೆರೆಯಿರಿ. ಆನ್‌ಲೈನ್ ಇಸಿ ಆರಿಸಿ, ಜಿಲ್ಲೆಯಿಂದ ಗ್ರಾಮದವರೆಗೆ ತುಂಬಿ, ಆಸ್ತಿಯ ಬಗೆ ಮತ್ತು ಸಂಖ್ಯೆ ಕೊಡಿ. ಅವಧಿ ನೀವೇ ಆರಿಸಬೇಕು. ಶುಲ್ಕ ವರ್ಷಗಳ ಲೆಕ್ಕದಲ್ಲಿ ಏರುತ್ತದೆ, ಹಣ ಕಟ್ಟುವ ಮೊದಲೇ ಮೊತ್ತ ಪರದೆಯಲ್ಲಿ ಕಾಣುತ್ತದೆ. ಡಿಜಿಟಲ್ ಸಹಿ ಬಿದ್ದ ಮೇಲೆ ನಿಮ್ಮ ಖಾತೆಯಿಂದಲೇ ಇಳಿಸಿಕೊಳ್ಳಬಹುದು. ವಹಿವಾಟುಗಳಿದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16 ಬರುತ್ತದೆ.

ಹಕ್ಕು ಪರಿಶೀಲನೆಗೆ ಇಸಿ ತೆಗೆಸುವವರು 30 ವರ್ಷ ಹಿಂದಕ್ಕೆ ಹೋಗುತ್ತಾರೆ, ಒಂದೇ ಸೈಟಿನ ಮೇಲೆ ಹುಡುಕುತ್ತಾರೆ. ಬೆಲೆಗಾಗಿ ಹುಡುಕುವವರು ಇದನ್ನು ತಿರುವುಮುರುವು ಮಾಡಬೇಕು. ಅವಧಿ ಎರಡು-ಮೂರು ವರ್ಷ ಸಾಕು, ಆದರೆ ಜಾಗ ಅಗಲವಾಗಿರಲಿ. ಸೈಟ್ ನಂಬರ್ ಬಿಟ್ಟು ಬರೀ ಸರ್ವೆ ನಂಬರ್ ಕೊಟ್ಟು ಹುಡುಕಿ. ರೆವಿನ್ಯೂ ಬಡಾವಣೆಯೊಂದರ ಸರ್ವೆ ನಂಬರಿಗೆ ಹುಡುಕಿದರೆ ಅದರೊಳಗಿನ ಹತ್ತಾರು ಸೈಟುಗಳ ಕ್ರಯಪತ್ರಗಳು ಒಟ್ಟಿಗೇ ಬರುತ್ತವೆ. ಹಕ್ಕು ಪರಿಶೀಲಿಸುವವರಿಗೆ ಇದು ತಲೆನೋವು, ನಿಮಗೆ ಹಬ್ಬ. ಅಪಾರ್ಟ್‌ಮೆಂಟಿಗೂ ಇದೇ ಉಪಾಯ: ಪ್ರಾಜೆಕ್ಟಿನ ಸರ್ವೆ ನಂಬರಿನಲ್ಲಿ ಹುಡುಕಿದರೆ ನೆರೆಯ ಫ್ಲ್ಯಾಟುಗಳ ಬೆಲೆಯೂ ಸಾಲಾಗಿ ಬಂದು ನಿಲ್ಲುತ್ತದೆ.

ನಮೂನೆ 16 ಬಂದರೆ ವ್ಯಾಪಾರವೇ ಆಗಿಲ್ಲ ಎಂದುಕೊಳ್ಳಬೇಡಿ. ನೋಂದಣಿಯ ವೇಳೆ ಆಸ್ತಿ ಸಂಖ್ಯೆಯನ್ನು ಹೇಗೆ ಟೈಪ್ ಮಾಡಿದ್ದರೋ ಹಾಗೆ ಹುಡುಕಿದರೆ ಮಾತ್ರ ಸಿಗುವುದುಂಟು. 45/2, 45-2, 45/2ಎ, 45/2ಪಿ ಇವೆಲ್ಲ ಕಂಪ್ಯೂಟರಿಗೆ ಬೇರೆ ಬೇರೆ. ಪೋಡಿ (ಜಮೀನನ್ನು ಅಳೆದು ತುಂಡು ಮಾಡುವುದು) ಆದ ಮೇಲೆ ಸರ್ವೆ ನಂಬರಿಗೆ ಹೊಸ ಹಿಸ್ಸೆ ಸಂಖ್ಯೆ ಬಂದಿರುತ್ತದೆ. ಅಗ್ರಹಾರ, ಅಮಾನಿಕೆರೆ, ಖಾನೆ ಸೇರಿಸಿದ ಗ್ರಾಮದ ಹೆಸರುಗಳು ಪಟ್ಟಿಯಲ್ಲಿ ಬೇರೆಯಾಗಿಯೇ ಇರುತ್ತವೆ. ಎರಡು-ಮೂರು ಬಗೆಯಲ್ಲಿ ಹುಡುಕಿಯೇ ಕೈಬಿಡಿ.

ಆನ್‌ಲೈನ್ ದಾಖಲೆ ಇರುವುದು 2004ರ ಏಪ್ರಿಲ್ 1ರಿಂದ ಈಚೆಗೆ. ಅದಕ್ಕೂ ಹಿಂದಿನದು ಬೇಕಾದರೆ ಸಂಬಂಧಪಟ್ಟ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನಮೂನೆ 22ರ ಅರ್ಜಿಯಲ್ಲಿ ಆಸ್ತಿಯ ವಿವರ, ಚಕ್ಕುಬಂದಿ, ಅವಧಿ ಬರೆದುಕೊಡಬೇಕು. ಸಿಬ್ಬಂದಿ ಸೂಚಿ ಪುಸ್ತಕ ತಿರುವಿಯೇ ಹುಡುಕಬೇಕಾದ್ದರಿಂದ ದಿನಗಳು ಹಿಡಿಯುತ್ತವೆ. ಇಂದಿನ ಬೆಲೆ ತಿಳಿಯಲು ಅಷ್ಟು ಹಿಂದಕ್ಕೆ ಹೋಗುವ ಅಗತ್ಯ ಬೀಳುವುದು ಕಡಿಮೆ.

ಇಸಿ ಓದುವಾಗ ಕಾಲು ಜಾರುವ ಜಾಗ

ಇಸಿಯ ಸಾಲಿನಲ್ಲಿ ಎರಡು ಮೊತ್ತಗಳಿರುತ್ತವೆ. ಒಂದು "ಮಾರುಕಟ್ಟೆ ಮೌಲ್ಯ", ಇನ್ನೊಂದು "ಪ್ರತಿಫಲ". ಹೆಸರು ನೋಡಿ ಮೊದಲನೆಯದನ್ನೇ ಮಾರಾಟ ಬೆಲೆ ಎಂದು ಬರೆದುಕೊಳ್ಳುವವರು ಬಹಳ. ಅದು ಮಾರುಕಟ್ಟೆಯ ಬೆಲೆಯೇ ಅಲ್ಲ. ಮಾರ್ಗಸೂಚಿ ದರವನ್ನು ವಿಸ್ತೀರ್ಣಕ್ಕೆ ಗುಣಿಸಿ, ಮೂಲೆ ನಿವೇಶನ, ಕಟ್ಟಡ ಮುಂತಾದವಕ್ಕೆ ಸೇರಿಸಿ ಇಲಾಖೆ ಕಟ್ಟಿದ ಲೆಕ್ಕ. ಕೊಂಡವರು ಮಾರಿದವರಿಗೆ ಕೊಟ್ಟೆವೆಂದು ಪತ್ರದಲ್ಲಿ ಹೇಳಿಕೊಂಡ ಮೊತ್ತ ಪ್ರತಿಫಲ. ನಿಮಗೆ ಬೇಕಾದದ್ದು ಅದು. ಮುದ್ರಾಂಕ ಶುಲ್ಕ ಬೀಳುವುದು ಈ ಎರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ.

ನಂತರ ದಸ್ತಾವೇಜಿನ ಬಗೆ ನೋಡಿ. ಕ್ರಯಪತ್ರ ಎಂದಿರುವುದನ್ನು ಮಾತ್ರ ಇಟ್ಟುಕೊಳ್ಳಿ. ದಾನಪತ್ರ, ವಿಭಾಗಪತ್ರ, ಹಕ್ಕು ಬಿಡುಗಡೆ ಪತ್ರಗಳಲ್ಲಿ ಕಾಣುವ ಮೊತ್ತ ಬೆಲೆಯಲ್ಲ. ಜಂಟಿ ಅಭಿವೃದ್ಧಿ ಕರಾರಿನ ಮೊತ್ತ ಶುಲ್ಕದ ಲೆಕ್ಕಕ್ಕಾಗಿ ಕಟ್ಟಿದ್ದು. ತಿದ್ದುಪಡಿ ಪತ್ರ, ದೃಢೀಕರಣ ಪತ್ರಗಳು ಹಳೆಯ ಕ್ರಯವನ್ನೇ ಮತ್ತೆ ಹೇಳುತ್ತವೆ, ಎರಡು ಸಲ ಎಣಿಸಬೇಡಿ. ಕ್ರಯದ ಕರಾರು ಇದ್ದರೆ ಬೇರೆಯಾಗಿ ಗುರುತು ಹಾಕಿಡಿ, ಅದರ ಉಪಯೋಗ ಮುಂದೆ ಬರುತ್ತದೆ. ಬರೆದುಕೊಟ್ಟವರು ಮತ್ತು ಬರೆಸಿಕೊಂಡವರ ತಂದೆ, ಗಂಡನ ಹೆಸರುಗಳನ್ನು ಹೋಲಿಸಿ ನೋಡಿ. ಅಣ್ಣ ತಮ್ಮನಿಗೆ ಮಾಡಿಕೊಟ್ಟ ಕ್ರಯ ಹೆಸರಿಗೆ ಕ್ರಯ, ಬೆಲೆಗೆ ದಾನ.

ದಸ್ತಾವೇಜು ಸಂಖ್ಯೆಯನ್ನೂ ಬರೆದುಕೊಳ್ಳಿ. ಅದರಲ್ಲಿ ಕಚೇರಿಯ ಸಂಕೇತ, ಪುಸ್ತಕದ ಸಂಖ್ಯೆ, ಕ್ರಮಸಂಖ್ಯೆ, ಆರ್ಥಿಕ ವರ್ಷ ಈ ಕ್ರಮದಲ್ಲಿರುತ್ತವೆ. ಎಲ್ಲಾದರೂ ನೋಂದಣಿ ಸೌಲಭ್ಯ ಬಂದ ಮೇಲೆ ಅದೇ ನೋಂದಣಿ ಜಿಲ್ಲೆಯ ಬೇರೊಂದು ಕಚೇರಿಯಲ್ಲಿ ಪತ್ರ ಆಗಿರುವುದು ಸಹಜ. ನಕಲಿಗೆ ಅರ್ಜಿ ಹಾಕುವಾಗ ಸಂಕೇತದ ಕಚೇರಿಯನ್ನೇ ಹಿಡಿಯಬೇಕು.

ಬಿಳಿ ಬೆಲೆ, ಕಪ್ಪು ಬೆಲೆ: ಜರಡಿ ಹಿಡಿಯುವುದು

ಪತ್ರದಲ್ಲಿ ಬೆಲೆ ಕಡಿಮೆ ತೋರಿಸುವುದೇಕೆ ಎಂಬುದು ಲೆಕ್ಕ ನೋಡಿದರೆ ತಿಳಿಯುತ್ತದೆ. ನಿವೇಶನಕ್ಕೆ ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಶೇ 10 ಸೆಸ್, ನಗರದಲ್ಲಿ ಶೇ 2 ಸರ್‌ಚಾರ್ಜ್. ಒಟ್ಟು 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ 2ಕ್ಕೆ ಏರಿದೆ. ಎಲ್ಲ ಸೇರಿ ಶೇ 7.6, ಅಂದರೆ ಪತ್ರದಲ್ಲಿ ಹೆಚ್ಚು ತೋರಿಸುವ ಪ್ರತಿ ಲಕ್ಷಕ್ಕೂ ಕೊಳ್ಳುವವರಿಗೆ 7,600 ರೂಪಾಯಿ ಖರ್ಚು. ಮಾರುವವರಿಗೆ ಬಂಡವಾಳ ಲಾಭದ ತೆರಿಗೆ ಬೇರೆ. ಇಬ್ಬರಿಗೂ ಲಾಭ ಕಾಣುವ ಸುಳ್ಳು ಇದು. ಎಷ್ಟು ಕೆಳಗಿಳಿಯಬಹುದು ಎಂಬುದಕ್ಕೆ ಮಾರ್ಗಸೂಚಿ ದರವೇ ನೆಲ: ಅದಕ್ಕಿಂತ ಕೆಳಗೆ ಬರೆದರೂ ಮುದ್ರಾಂಕ ಶುಲ್ಕ ಉಳಿಯುವುದಿಲ್ಲ. ಶೇ 10ಕ್ಕಿಂತ ಹೆಚ್ಚು ಕೆಳಗಾದರೆ ಆದಾಯ ತೆರಿಗೆ ಇಲಾಖೆ ವ್ಯತ್ಯಾಸವನ್ನು ಇಬ್ಬರ ತಲೆಗೂ ಕಟ್ಟುತ್ತದೆ.

ಹೀಗಾಗಿ ಸುಳ್ಳು ಬೆಲೆಗಳು ಕೆಲವು ಅಂಕಿಗಳ ಸುತ್ತ ಗುಂಪುಗೂಡುತ್ತವೆ. ಪ್ರತಿಫಲವೂ ಮಾರುಕಟ್ಟೆ ಮೌಲ್ಯವೂ ಒಂದೇ ಆಗಿದ್ದರೆ, ಅಥವಾ ಮಾರುಕಟ್ಟೆ ಮೌಲ್ಯವನ್ನೇ ಬರೀ ಸಾವಿರಕ್ಕೆ ದುಂಡಗೆ ಮಾಡಿ ಪ್ರತಿಫಲವೆಂದು ಬರೆದಿದ್ದರೆ, ಆ ಸಾಲನ್ನು ಪಕ್ಕಕ್ಕಿಡಿ. 50 ಲಕ್ಷ ಮುಟ್ಟಿದರೆ ಕೊಳ್ಳುವವರು ಶೇ 1 ಟಿಡಿಎಸ್ ಹಿಡಿದು ಕಟ್ಟಬೇಕು, ಆದ್ದರಿಂದ 49.5, 49.9 ಲಕ್ಷದ ಪತ್ರಗಳ ಮೇಲೆ ಅನುಮಾನವಿರಲಿ. ಮೊದಲ ಬಾರಿ ನೋಂದಣಿಯಾಗುವ 45 ಲಕ್ಷದೊಳಗಿನ ಫ್ಲ್ಯಾಟಿಗೆ ಮುದ್ರಾಂಕ ಶುಲ್ಕ ಶೇ 3 ಮೀರುವುದಿಲ್ಲ, ಅಲ್ಲಿ 44.9ರ ಗುಂಪು ಕಾಣುತ್ತದೆ.

ನಿಜಕ್ಕೆ ಹತ್ತಿರದ ಬೆಲೆ ಗುರುತಿಸಲು ಅತಿ ಒಳ್ಳೆಯ ಸಾಕ್ಷಿ ಬ್ಯಾಂಕ್ ಸಾಲ. ಕ್ರಯಪತ್ರದ ಹಿಂದೆಯೇ, ಬಹಳಷ್ಟು ಸಲ ಅದೇ ದಿನ, ಹಕ್ಕುಪತ್ರ ಠೇವಣಿಯ ಪತ್ರ (ಸಾಲಕ್ಕೆ ಆಧಾರವಾಗಿ ಹಕ್ಕುಪತ್ರಗಳನ್ನು ಬ್ಯಾಂಕಿಗೆ ಒಪ್ಪಿಸಿದ ದಾಖಲೆ) ನೋಂದಣಿಯಾಗಿ ಇಸಿಯಲ್ಲಿ ಸಾಲದ ಮೊತ್ತದ ಸಮೇತ ಕಾಣುತ್ತದೆ. ರಿಸರ್ವ್ ಬ್ಯಾಂಕ್ ನಿಯಮದಂತೆ 30 ಲಕ್ಷದವರೆಗಿನ ಗೃಹಸಾಲ ಆಸ್ತಿಯ ಮೌಲ್ಯದ ಶೇ 90 ಮೀರುವಂತಿಲ್ಲ. 30ರಿಂದ 75 ಲಕ್ಷದ ಸಾಲಕ್ಕೆ ಶೇ 80, ಅದರ ಮೇಲಕ್ಕೆ ಶೇ 75. ಅಂದಮೇಲೆ ಸಾಲದ ಮೊತ್ತವನ್ನು 0.9, 0.8 ಅಥವಾ 0.75ರಿಂದ ಭಾಗಿಸಿದರೆ ಬ್ಯಾಂಕು ಒಪ್ಪಿದ ಕನಿಷ್ಠ ಮೌಲ್ಯ ಸಿಕ್ಕಿತು. ಪತ್ರದ ಬೆಲೆಗಿಂತ ಅದು ಎಷ್ಟೋ ಮೇಲಿದ್ದರೆ ಎರಡೇ ಸಾಧ್ಯತೆ: ಬೆಲೆ ಮುಚ್ಚಿಟ್ಟಿದ್ದಾರೆ, ಇಲ್ಲವೇ ಸಾಲದಲ್ಲಿ ಮನೆ ಕಟ್ಟುವ ಹಣವೂ ಸೇರಿದೆ.

ಲೆಕ್ಕ ಹೇಗೆ ಕೂಡುತ್ತದೆ ಎಂದು ತೋರಿಸಲು ಒಂದು ಕಾಲ್ಪನಿಕ ಬಡಾವಣೆ ತೆಗೆದುಕೊಳ್ಳೋಣ. ಮಾರ್ಗಸೂಚಿ ದರ ಚದರ ಮೀಟರಿಗೆ 32,000, ಅಂದರೆ ಅಡಿಗೆ ಸುಮಾರು 2,973. ಒಂದೂವರೆ ವರ್ಷದ ಇಸಿಯಲ್ಲಿ ಖಾಲಿ ನಿವೇಶನಗಳ ಐದು ಕ್ರಯಗಳು ಸಿಕ್ಕಿವೆ.

- 30×40, ಪ್ರತಿಫಲ 35.68 ಲಕ್ಷ. ಮಾರ್ಗಸೂಚಿ ಲೆಕ್ಕವೂ ಅಷ್ಟೇ ಬರುತ್ತದೆ. ಪಕ್ಕಕ್ಕಿಡಿ.
- 30×40, ಪ್ರತಿಫಲ 62 ಲಕ್ಷ, ಅದೇ ದಿನ 46 ಲಕ್ಷದ ಸಾಲ. 46ನ್ನು 0.8ರಿಂದ ಭಾಗಿಸಿದರೆ 57.5, ಹೊಂದುತ್ತದೆ. ಅಡಿಗೆ 5,167.
- 30×50, ಪ್ರತಿಫಲ 81 ಲಕ್ಷ. ಅಡಿಗೆ 5,400.
- 20×30, ಪ್ರತಿಫಲ 36 ಲಕ್ಷ. ಅಡಿಗೆ 6,000. ಚಿಕ್ಕ ಸೈಟಿಗೆ ಅಡಿ ಬೆಲೆ ಯಾವಾಗಲೂ ಏರುಮುಖ. 30×40ಕ್ಕೆ ಇದನ್ನು ಹೋಲಿಸಬೇಡಿ.
- 30×40, ಪ್ರತಿಫಲ 40 ಲಕ್ಷ, ಸಾಲ 48 ಲಕ್ಷ. ಬೆಲೆಗಿಂತ ಸಾಲವೇ ದೊಡ್ಡದು! 48ನ್ನು 0.8ರಿಂದ ಭಾಗಿಸಿದರೆ 60 ಲಕ್ಷ, ಅಡಿಗೆ 5,000. ಇದು ನಿವೇಶನದ ಸಾಲವೋ ಕಟ್ಟಡದ್ದೂ ಸೇರಿದೆಯೋ ಎಂದು ಪತ್ರ ನೋಡಿ ತೀರ್ಮಾನಿಸಬೇಕು.

ಐದು ಅಂಕಿಗಳ ಸರಾಸರಿ ತೆಗೆದರೆ ಅರ್ಥವಿಲ್ಲದ ಉತ್ತರ ಬರುತ್ತದೆ. ಜರಡಿಯಲ್ಲಿ ಉಳಿದವನ್ನು ನೋಡಿದರೆ 30×40ರ ಬೆಲೆ ಅಡಿಗೆ 5,000ದಿಂದ 5,400ರ ನಡುವೆ ಎಂದು ಹೇಳಬಹುದು. ಬ್ರೋಕರ್ ಹೇಳಿದ ಏಳು ಸಾವಿರಕ್ಕೆ ಯಾವ ಪತ್ರವೆಂದು ಈಗ ನೀವು ಕೇಳಬಹುದು. ಆತ ತೋರಿಸುವ ಪತ್ರ ಮೂಲೆ ನಿವೇಶನದ್ದೋ ಅಗಲ ರಸ್ತೆಯದ್ದೋ ಆಗಿದ್ದರೆ ಆ ಮಾತಿಗೂ ಬೆಲೆ ಕೊಡಿ. ಜೊತೆಗೆ ಇದೂ ನೆನಪಿರಲಿ: ಪತ್ರದಾಚೆಗೆ ನಗದು ಕೊಟ್ಟದ್ದಿದ್ದರೆ ನೋಂದಾಯಿತ ಬೆಲೆ ಯಾವತ್ತೂ ನಿಜ ಬೆಲೆಗಿಂತ ಕೆಳಗೇ ಇರುತ್ತದೆ.

ಕ್ರಯಪತ್ರದ ನಕಲು ತೆಗೆಸಿ ಓದುವುದು

ಮುಖ್ಯವೆನಿಸಿದ ಎರಡು-ಮೂರು ವ್ಯಾಪಾರಗಳಿಗೆ ದಸ್ತಾವೇಜು ಸಂಖ್ಯೆ, ಕಚೇರಿ, ವರ್ಷ ಕೊಟ್ಟು ದೃಢೀಕೃತ ನಕಲಿಗೆ ಅರ್ಜಿ ಹಾಕಿ. 57ನೇ ಕಲಂನ ಅಡಿ ಸಿಗುವ ಈ ನಕಲು ಮೂಲಪತ್ರದ ಒಕ್ಕಣೆಯನ್ನು ರುಜುವಾತು ಮಾಡಲು ಕೋರ್ಟಿನಲ್ಲೂ ನಡೆಯುತ್ತದೆ. ಇಸಿಯಲ್ಲಿಲ್ಲದ ನಾಲ್ಕು ಸಂಗತಿಗಳಿಗಾಗಿ ಇದನ್ನು ಓದಬೇಕು.

ಹಣ ಕೊಟ್ಟ ವಿವರ ಮೊದಲನೆಯದು. ಚೆಕ್, ಆರ್‌ಟಿಜಿಎಸ್ ಸಂಖ್ಯೆಗಳು, ದಿನಾಂಕಗಳು, ಬ್ಯಾಂಕ್ ಸಾಲದ ಪಾವತಿ ಎಲ್ಲ ಕೂಡಿ ಪ್ರತಿಫಲಕ್ಕೆ ಸಮನಾದರೆ ಆ ಅಂಕಿಗೆ ತೂಕವಿದೆ. ಎರಡನೆಯದು ಕರಾರಿನ ದಿನಾಂಕ. ಬೆಲೆ ನಿಗದಿಯಾಗುವುದು ಕರಾರಿನ ದಿನ, ನೋಂದಣಿ ಆರು ತಿಂಗಳ ನಂತರ. ಏರುತ್ತಿರುವ ಬಡಾವಣೆಯಲ್ಲಿ ಈ ಆರು ತಿಂಗಳೇ ಶೇ 5-10 ವ್ಯತ್ಯಾಸ ಮಾಡೀತು. ಮೂರನೆಯದು ಷೆಡ್ಯೂಲು: ನಿಜವಾದ ಅಳತೆ, ಹಳೆಯ ಕಟ್ಟಡ, ಬೋರ್‌ವೆಲ್, ರಸ್ತೆಯ ಅಗಲ. ನಾಲ್ಕನೆಯದು ಪೀಠೋಪಕರಣಕ್ಕೆ, ಒಳಾಂಗಣಕ್ಕೆ ಬೇರೆ ಕರಾರು ಮಾಡಿಕೊಂಡಿದ್ದೇವೆ ಎಂಬ ಸಾಲು. ಇದು ಇದ್ದರೆ ಬೆಲೆಯ ಒಂದು ತುಂಡು ಪತ್ರದಿಂದ ಆಚೆ ಉಳಿದಿದೆ ಎಂದೇ ಅರ್ಥ.

ಫ್ಲ್ಯಾಟಿನ ಬೆಲೆಯಲ್ಲಿ ಮೂರು ಮೋಸ

ಹಳೆಯ ಪ್ರಾಜೆಕ್ಟುಗಳಲ್ಲಿ ಬಿಲ್ಡರುಗಳು ಎರಡು ಕಾಗದ ಮಾಡುತ್ತಿದ್ದರು: ಅವಿಭಜಿತ ಭೂಭಾಗಕ್ಕೆ ಒಂದು ಕ್ರಯಪತ್ರ, ಮನೆ ಕಟ್ಟಿಕೊಡಲು ಇನ್ನೊಂದು ನಿರ್ಮಾಣ ಕರಾರು. 90 ಲಕ್ಷದ ಮನೆಗೆ ಇಸಿಯಲ್ಲಿ 25 ಲಕ್ಷ ಕಂಡರೆ ಬೆಚ್ಚಬೇಕಿಲ್ಲ, ಅದು ಬರೀ ಭೂಭಾಗದ ಬೆಲೆ. ಅಂಥ ಕಟ್ಟಡದಲ್ಲಿ ಮರುಮಾರಾಟದ ಪತ್ರಗಳನ್ನೇ ನೋಡಿ, ಅವುಗಳಲ್ಲಿ ಇಡೀ ಮನೆಯ ಬೆಲೆ ಇರುತ್ತದೆ.

ಎರಡನೆಯದು ಕಾಲದ್ದು. 2021ರಲ್ಲಿ ಬುಕ್ ಮಾಡಿದ ಮನೆಯ ಕ್ರಯಪತ್ರ 2024ರಲ್ಲಿ ಆಗುತ್ತದೆ. ಇಸಿಯಲ್ಲಿ 2024 ಎಂದಿದ್ದರೂ ಬೆಲೆ 2021ರದ್ದು. ರೇರಾ ಕಾಯ್ದೆಯ 13ನೇ ಕಲಂ ಪ್ರಕಾರ ಕರಾರು ನೋಂದಾಯಿಸದೆ ಶೇ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ನೋಂದಾಯಿತ ಕರಾರು ಇಸಿಯಲ್ಲಿ ಸಿಕ್ಕರೆ ಅದರ ದಿನಾಂಕವನ್ನೇ ಬೆಲೆಯ ದಿನಾಂಕವಾಗಿ ಹಿಡಿಯಿರಿ.

ಮೂರನೆಯದು ಅಳತೆ. ಒಂದು ಪತ್ರದಲ್ಲಿ ಸೂಪರ್ ಬಿಲ್ಟ್-ಅಪ್ (ಮೆಟ್ಟಿಲು, ಲಿಫ್ಟಿನಂಥ ಎಲ್ಲರ ಜಾಗದ ಪಾಲೂ ಸೇರಿದ್ದು), ಇನ್ನೊಂದರಲ್ಲಿ ಕಾರ್ಪೆಟ್ (ಮನೆಯೊಳಗೆ ಬಳಸುವ ನೆಲ) ವಿಸ್ತೀರ್ಣ. 90 ಲಕ್ಷವನ್ನು 1,200ರಿಂದ ಭಾಗಿಸಿದರೆ 7,500, ಅದೇ ಮನೆಯ ಕಾರ್ಪೆಟ್ 850 ಅಡಿಯಿಂದ ಭಾಗಿಸಿದರೆ 10,588. ರೇರಾ ಪುಟದಲ್ಲಿ ಮನೆಯ ಮಾದರಿಗೆ ತಕ್ಕ ಕಾರ್ಪೆಟ್ ಅಳತೆ ಇರುತ್ತದೆ, ಎಲ್ಲವನ್ನೂ ಅದಕ್ಕೆ ಇಳಿಸಿ ಹೋಲಿಸುವುದು ಕ್ಷೇಮ.

ಜಮೀನಿನ ಲೆಕ್ಕ

ಪಹಣಿಯಲ್ಲಿ, ಪತ್ರದಲ್ಲಿ 2-15 ಎಂದಿದ್ದರೆ 2 ಎಕರೆ 15 ಗುಂಟೆ. ಎಕರೆಗೆ 40 ಗುಂಟೆಯಾದ್ದರಿಂದ ಅದು 2.375 ಎಕರೆ; 2.15 ಎಂದು ಕ್ಯಾಲ್ಕುಲೇಟರಿಗೆ ಹಾಕಿದರೆ ಎಕರೆ ಬೆಲೆ ಶೇ 10ರಷ್ಟು ಉಬ್ಬುತ್ತದೆ. ಒಂದು ಗುಂಟೆಗೆ 1,089 ಚದರ ಅಡಿ, ಕರಾವಳಿಯ ಸೆಂಟ್ಸಿಗೆ 435.6. ಖರಾಬು ಇದ್ದರೆ ಕಳೆಯಿರಿ, ಅದರಲ್ಲೂ ಬಿ ಖರಾಬು ಸಾರ್ವಜನಿಕ ಸ್ವತ್ತು, ಮಾರುವವರದ್ದೇ ಅಲ್ಲ. ಪಹಣಿಯಲ್ಲಿ ಮ್ಯುಟೇಷನ್ ಸಂಖ್ಯೆ ಇರುತ್ತದೆ. ಭೂಮಿ ಜಾಲತಾಣದಲ್ಲಿ ಆ ಸಂಖ್ಯೆಯ ಎಂ.ಆರ್. (ಮ್ಯುಟೇಷನ್ ರಿಜಿಸ್ಟರ್) ತೆಗೆದರೆ ಯಾವ ಕ್ರಯದಿಂದ ಹಕ್ಕು ಬದಲಾಯಿತೆಂಬ ಜಾಡು ಸಿಗುತ್ತದೆ. ಇಸಿಯಲ್ಲಿ ಸಿಗದ ವ್ಯಾಪಾರಗಳಿಗೆ ಇದು ಹಿಂಬಾಗಿಲು. ನೀರಾವರಿ, ಖುಷ್ಕಿ, ಬಾಗಾಯ್ತುಗಳನ್ನು ಒಂದೇ ಪಟ್ಟಿಗೆ ಹಾಕಬೇಡಿ.

ಭೂಸ್ವಾಧೀನದ ನೋಟಿಸ್ ಬಂದಿರುವ ರೈತರಿಗಂತೂ ಈ ಅಂಕಿಗಳು ಅನ್ನದ ಪ್ರಶ್ನೆ. 2013ರ ಭೂಸ್ವಾಧೀನ ಕಾಯ್ದೆಯ 26ನೇ ಕಲಂ ಪ್ರಕಾರ ಪರಿಹಾರದ ಬುನಾದಿಯಾಗಿ ನೋಡುವ ಬೆಲೆಗಳಲ್ಲಿ ಒಂದು, ಅದೇ ಊರಿನ ಅಥವಾ ಹತ್ತಿರದ ಊರಿನ ಅಂಥದೇ ಜಮೀನಿನ ಹಿಂದಿನ ಮೂರು ವರ್ಷಗಳ ನೋಂದಾಯಿತ ಬೆಲೆಗಳ ಸರಾಸರಿ. ಅದೂ ಎಲ್ಲ ಪತ್ರಗಳದ್ದಲ್ಲ; ಹೆಚ್ಚು ಬೆಲೆಯ ಅರ್ಧದಷ್ಟು ಪತ್ರಗಳದ್ದು ಮಾತ್ರ. ಇಪ್ಪತ್ತು ಪತ್ರ ಸಿಕ್ಕಿದರೆ ಮೇಲಿನ ಹತ್ತರ ಸರಾಸರಿ. ಮಾರ್ಗಸೂಚಿ ದರ ಇದಕ್ಕಿಂತ ಹೆಚ್ಚಿದ್ದರೆ ಆ ದರ ನಿಲ್ಲುತ್ತದೆ. ಅಧಿಕಾರಿಗಳು ಪಟ್ಟಿ ಮಾಡುವವರೆಗೆ ಕಾಯದೆ ಸುತ್ತಲಿನ ಸರ್ವೆ ನಂಬರುಗಳ ಇಸಿ ತೆಗೆಸಿ ಆಕ್ಷೇಪಣೆಯ ಜೊತೆ ಲಗತ್ತಿಸಿ. ನಿಮ್ಮ ಅಧಿಸೂಚನೆ ಬೇರೆ ಕಾಯ್ದೆಯಡಿ ಹೊರಟಿದ್ದರೆ ನಿಯಮವೂ ಬೇರೆಯಾಗಬಹುದು, ಮೊದಲ ಪುಟದಲ್ಲೇ ಕಾಯ್ದೆಯ ಹೆಸರಿರುತ್ತದೆ.

ಅಡ್ಡ ಪರೀಕ್ಷೆಗೆ ಹರಾಜು

ಬಿಡಿಎ ಮೂಲೆ ನಿವೇಶನಗಳ ಇ-ಹರಾಜು ಪೂರ್ತಿ ಬಿಳಿ ಹಣದ ವ್ಯಾಪಾರ. ಆದರೆ ಮೂಲೆ ನಿವೇಶನ, ಮೇಲಾಗಿ ಪೈಪೋಟಿಯ ಕಾವು. ಒಳರಸ್ತೆಯ ಸೈಟಿಗೆ ಆ ಬೆಲೆ ಹಚ್ಚಬೇಡಿ. ಬ್ಯಾಂಕುಗಳು ಸಾಲ ತೀರಿಸದವರ ಆಸ್ತಿ ಹರಾಜಿಗಿಟ್ಟಾಗ ಪ್ರಕಟಿಸುವ ಮೀಸಲು ಬೆಲೆ ಇದರ ವಿರುದ್ಧದ ತುದಿ. ಸ್ವಾಧೀನದ ತಕರಾರು, ಬಾಕಿಗಳ ಭಯಕ್ಕೆ ಅಲ್ಲಿ ಬೆಲೆ ಬಿದ್ದಿರುತ್ತದೆ. ನಿಮ್ಮ ಲೆಕ್ಕ ಈ ಎರಡರ ನಡುವೆ ಬಿದ್ದರೆ ಸರಿದಾರಿಯಲ್ಲಿದ್ದೀರಿ. ದೊಡ್ಡ ಜಮೀನುಗಳಲ್ಲಿ ಮಾತ್ರ ಇನ್ನೊಂದು ಕುರುಡು ಚುಕ್ಕೆ ಇದೆ: ಜಮೀನಿರುವ ಕಂಪನಿಯ ಷೇರುಗಳನ್ನೇ ಮಾರಿದರೆ ಜಮೀನು ಕದಲದು, ಇಸಿಯಲ್ಲಿ ಏನೂ ಕಾಣದು.

ಮಾಹಿತಿ ಹಕ್ಕಿನಡಿ ಒಂದು ನಿರ್ದಿಷ್ಟ ಪತ್ರದ ಬೆಲೆ ಕೇಳುವುದು ಸುತ್ತುದಾರಿ. ಶುಲ್ಕ ಕಟ್ಟಿ ಪಡೆಯುವ ದಾರಿ ಇದೆಯಲ್ಲ ಎಂದು ಹಿಂದಿರುಗಿಸುತ್ತಾರೆ. ಒಂದು ಕಚೇರಿಯಲ್ಲಿ ವರ್ಷಕ್ಕೆ ಎಷ್ಟು ಕ್ರಯಪತ್ರಗಳಾದವು ಎಂಬಂಥ ಒಟ್ಟು ಅಂಕಿಗೆ ಅದನ್ನು ಬಳಸಿ; ಕರ್ನಾಟಕದಲ್ಲಿ ಅರ್ಜಿ ಶುಲ್ಕ 10 ರೂಪಾಯಿ, 150 ಪದಗಳ ಮಿತಿ, ಅರ್ಜಿಗೆ ಒಂದೇ ವಿಷಯ.

ಗಡಿಯಾಚೆ

ಹೊಸೂರಿನಲ್ಲಿ ಜಾಗ ನೋಡುತ್ತಿರುವವರಿಗೆ ತಮಿಳುನಾಡು ನೋಂದಣಿ ಇಲಾಖೆಯ ಜಾಲತಾಣದಲ್ಲಿ ಇಸಿಯನ್ನು ಉಚಿತವಾಗಿಯೇ ನೋಡಬಹುದು. ಮುಂಬಯಿ, ಪುಣೆಯ ಕನ್ನಡಿಗರಿಗೆ ಮಹಾರಾಷ್ಟ್ರದ ಇ-ಸರ್ಚ್ ಸೇವೆ ಇದೆ. ಅಲ್ಲಿ ಸಿಗುವ "ಸೂಚಿ 2"ರಲ್ಲಿ ಮೋಬದಲಾ ಎಂದರೆ ಪ್ರತಿಫಲ, ಬಾಜಾರಭಾವ ಎಂದರೆ ನಮ್ಮ ಮಾರ್ಗಸೂಚಿ ಲೆಕ್ಕ. ಇಂಗ್ಲೆಂಡ್, ವೇಲ್ಸ್‌ನಲ್ಲಿರುವವರ ಪಾಡು ಇನ್ನೂ ಸುಖ: ಅಲ್ಲಿನ ಭೂ ನೋಂದಣಿ ಇಲಾಖೆ 1995ರ ಜನವರಿಯಿಂದೀಚಿನ ಮನೆ ಮಾರಾಟದ ಬೆಲೆಗಳನ್ನು ವಿಳಾಸದ ಸಮೇತ ಒಂದೇ ಕಡತವಾಗಿ ಬಿಟ್ಟಿಯಾಗಿ ಕೊಡುತ್ತದೆ. ನಮ್ಮಲ್ಲಿ ಸರ್ವೆ ನಂಬರು ಒಂದೊಂದಾಗಿ, ಶುಲ್ಕ ಕಟ್ಟುತ್ತಾ ಹುಡುಕಬೇಕು. ಅದಕ್ಕೇ ನೆರೆಹೊರೆಯ ನಾಲ್ಕು ಜನ ಸೇರಿ ಇಸಿ ಹಂಚಿಕೊಳ್ಳುವುದು ಲಾಭ.

ಹಂಚಿಕೊಳ್ಳುವಾಗ ದಿನಾಂಕ, ಅಳತೆ, ಪ್ರತಿಫಲ, ದಸ್ತಾವೇಜು ಸಂಖ್ಯೆ ಇಷ್ಟೇ ಸಾಕು. ಹೆಸರು, ವಿಳಾಸ, ಪತ್ರದ ಪುಟಗಳು ಬೇಡ. ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚು, ಆಧಾರ್ ಸಂಖ್ಯೆಗಳನ್ನು ಬಳಸಿ ಬ್ಯಾಂಕ್ ಖಾತೆಯಿಂದ ಹಣ ಎಗರಿಸಿದ ಪ್ರಕರಣಗಳು 2023ರಲ್ಲಿ ಬೆಂಗಳೂರಿನಲ್ಲಿ ಬೆಳಕಿಗೆ ಬಂದಿದ್ದವು. ನಿಮ್ಮ ಪತ್ರವನ್ನೂ ಇನ್ನೊಬ್ಬರು ತೆಗೆಸಬಹುದು ಎಂಬುದು ನೆನಪಿರಲಿ: ಆಧಾರ್ ಆ್ಯಪಿನಲ್ಲಿ ಬಯೋಮೆಟ್ರಿಕ್ ಲಾಕ್ ಹಾಕಿಡಿ, ನೋಂದಣಿಗೆ ಹೋಗುವ ದಿನ ಮಾತ್ರ ತೆಗೆದರಾಯಿತು.